ಎರ್ಸಿಲಿಯಾ ಬರೆದ ಅಂಕಿ

ನಿಬಾಲ್ದೊ ಎಂದು ಹೆಸರು ಹಿಡಿದು ಕೂಗಿದರೆ ಅವನು ತಿರುಗಿ ನೋಡುತ್ತಿದ್ದುದು ಎರಡನೆಯ ಸಲಕ್ಕೆ. ಅವನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಎರ್ಸಿಲಿಯಾ ಅರಾಯಾ ಇದನ್ನು ಗಮನಿಸಿದಳು. ಕಿವಿ ಮಂದವಿರಬಹುದೇ ಎಂದು ನೋಡಿದರೆ ಅದೂ ಅಲ್ಲ. ಹೊರಗೆ ರಸ್ತೆಯಲ್ಲಿ ಜೀಪು ನಿಂತ ಸದ್ದಾದರೆ ಎಲ್ಲರಿಗಿಂತ ಮೊದಲು ತಲೆ ಎತ್ತುವವನು ಅವನೇ.

ಅದು ಎಪ್ಪತ್ನಾಲ್ಕನೆಯ ಇಸವಿಯ ಮೇ ತಿಂಗಳು. ಸೈನ್ಯ ಚಿಲಿಯ ಅಧಿಕಾರ ಹಿಡಿದು ಎಂಟು ತಿಂಗಳಾಗಿತ್ತು. ಲಾ ಸೆರೆನಾದ ಜನ ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತಾಗಲೂ ಸಮುದ್ರದ ಮಂಜಿನ ವಿಚಾರ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಗುಡ್ಡದ ಮೇಲಿನ ವೀಕ್ಷಣಾಲಯಕ್ಕೆ ಊರೊಳಗೊಂದು ಕಚೇರಿಯಿತ್ತು. ದೂರದರ್ಶಕದಲ್ಲಿ ತೆಗೆದ ಗಾಜಿನ ಪಟಗಳನ್ನು ಮರದ ಪೆಟ್ಟಿಗೆಯಲ್ಲಿ ಅಲ್ಲಿಗೆ ಇಳಿಸಿ ತರುತ್ತಿದ್ದವನು ಚಾಲಕ ಎಲಾದಿಯೊ. ಹೋದ ಅಕ್ಟೋಬರಿನಲ್ಲಿ ಅವನನ್ನು ಜೀಪಿನಲ್ಲಿ ಕರೆದುಕೊಂಡು ಹೋದ ಸೈನಿಕರು ಮರಳಿ ಬಿಡಲಿಲ್ಲ. ಅವನ ಹೆಸರು ಹೇಳಿದವರು ಯಾರು? ಕಚೇರಿಯೊಳಗಿನವರೇ ಯಾರೋ ಎಂದು ಎಲ್ಲರೂ ನಂಬಿದ್ದರು. ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ, ಅಷ್ಟೇ.

ಇಂಥ ಹೊತ್ತಿನಲ್ಲಿ ಸಾಂತಿಯಾಗೊದಿಂದ ಶಿಫಾರಸು ಪತ್ರ ಹಿಡಿದು ಹೊಸಬನೊಬ್ಬ ಬಂದರೆ ಯಾರಿಗೆ ಸಂಶಯ ಬರುವುದಿಲ್ಲ?

ಎರ್ಸಿಲಿಯಾಗೆ ನಲವತ್ತಾರು ವರ್ಷ. ಮದುವೆಯಾಗಿರಲಿಲ್ಲ. ಹನ್ನೊಂದು ವರ್ಷಗಳಿಂದ ಆಕೆಯದು ಒಂದೇ ಕೆಲಸ, ಮಿಡಿಯುವ ನಕ್ಷತ್ರಗಳನ್ನು ವಿಂಗಡಿಸುವುದು. ಅರ್ಧ ದಿನಕ್ಕೊಮ್ಮೆ ಉಬ್ಬಿ ಕುಗ್ಗಿ, ಬೆಳಗಿ ಮಂಕಾಗುವ ನಕ್ಷತ್ರಗಳವು. ಅವುಗಳ ಬೆಳಕನ್ನು ಪಟ್ಟಿಯ ಹಾಗೆ ಹರಡಿ ತೆಗೆದ ಪಟವನ್ನು ಭೂತಗನ್ನಡಿಯ ಕೆಳಗಿಟ್ಟರೆ ಅಡ್ಡ ಗೆರೆಗಳು ಕಾಣುತ್ತವೆ. ಜಲಜನಕದ ಗೆರೆಗಳನ್ನು ನೋಡಿ ಒಂದು ದರ್ಜೆ ಹಾಕಬೇಕು, ಕ್ಯಾಲ್ಸಿಯಂ ಗೆರೆಯನ್ನು ನೋಡಿ ಇನ್ನೊಂದು. ಎರಡರ ನಡುವಿನ ಅಂತರವನ್ನು ಅಂಕಿಯಾಗಿ ಬರೆಯಬೇಕು. ಸೊನ್ನೆ ಬಂದರೆ ಸೂರ್ಯನಷ್ಟೇ ಲೋಹ ತುಂಬಿದ ನಕ್ಷತ್ರ. ಹತ್ತು ಬಂದರೆ ಲೋಹ ಹೆಸರಿಗಷ್ಟೇ ಇರುವ, ಆಕಾಶದ ಮೊದಲ ತಲೆಮಾರಿಗೆ ಸೇರಿದ ಮುದಿ ನಕ್ಷತ್ರ. ಎರ್ಸಿಲಿಯಾ ಬರೆದ ಅಂಕಿಯನ್ನು ಯುರೋಪಿನವರೂ ಎರಡನೆಯ ಸಲ ಪರೀಕ್ಷಿಸುತ್ತಿರಲಿಲ್ಲ.

ನಿಬಾಲ್ದೊಗೆ ಈ ಕೆಲಸ ನಾಲ್ಕು ವರ್ಷದ ಅಭ್ಯಾಸ ಎಂದು ಪತ್ರದಲ್ಲಿತ್ತು. ಎರಡನೆಯ ದಿನವೇ ಅವನು ಎಡವಿದ.

“ಇದು ಲೋಹ ಕಡಿಮೆ ಇರೋ ಗುಂಪು. ಇಂಗಾಲ, ಆಮ್ಲಜನಕ, ಕಬ್ಬಿಣ, ಎಲ್ಲಾ ಕಡಿಮೆ,” ಎಂದು ಎರ್ಸಿಲಿಯಾ ಪೆಟ್ಟಿಗೆ ತೋರಿಸಿದಳು.

ಅವನು ನಕ್ಕುಬಿಟ್ಟ. “ಆಮ್ಲಜನಕ ಯಾವಾಗ ಲೋಹ ಆಯ್ತು ಸೆನ್ಯೋರಾ? ಪರೀಕ್ಷೇಲಿ ಯಾರಾದ್ರೂ ಹಾಗೆ ಬರೆದ್ರೆ ಕಿವಿ ಹಿಂಡ್ತಿದ್ದೆ.”

ಹೇಳಿದ ಮೇಲೆ ಅವನ ನಗು ಅರ್ಧಕ್ಕೇ ನಿಂತಿತು. ಜಲಜನಕ, ಹೀಲಿಯಂ ಎರಡನ್ನು ಬಿಟ್ಟು ಮಿಕ್ಕಿದ್ದೆಲ್ಲ ಈ ಕಸುಬಿನಲ್ಲಿ ಲೋಹವೇ. ಅದು ಕಚೇರಿಯಲ್ಲಿ ಚಹಾ ಮಾಡುವ ಸುನಿಲ್ದಾಗೂ ಗೊತ್ತು. ನಾಲ್ಕು ವರ್ಷ ಕೆಲಸ ಮಾಡಿದವನಿಗೆ ಗೊತ್ತಿಲ್ಲವೆಂದರೆ?

ಅವತ್ತಿನಿಂದ ಎರ್ಸಿಲಿಯಾ ಅವನನ್ನು ಕಾಯತೊಡಗಿದಳು. ಅವನು ಕುರ್ಚಿಯನ್ನು ಬಾಗಿಲು ಕಾಣುವ ಹಾಗೆ ತಿರುಗಿಸಿಕೊಂಡಿದ್ದು, ಯಾರ ಮನೆ ಎಲ್ಲಿ ಎಂದು ಒಮ್ಮೆಯೂ ಕೇಳದಿದ್ದದ್ದು, ತನ್ನ ಮನೆಯ ವಿಳಾಸವನ್ನು ಇಬ್ಬರಿಗೆ ಎರಡು ಥರ ಹೇಳಿದ್ದು ಎಲ್ಲವನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಅವನು ಮುಗಿಸಿದ ಪಟಗಳನ್ನು ಸಂಜೆ ತಾನೊಮ್ಮೆ ನೋಡಿ ತಪ್ಪುಗಳನ್ನು ಒಂದು ಕಂದು ಪುಸ್ತಕದಲ್ಲಿ ಗುರುತು ಹಾಕಿದಳು. ಮೂರು ವಾರ ಕಳೆಯುವಷ್ಟರಲ್ಲಿ ಅವನ ತಪ್ಪಿನ ಜಾಡು ಆಕೆಗೆ ತನ್ನ ಅಂಗೈ ಗೆರೆಯಷ್ಟು ಪರಿಚಿತವಾಯಿತು. ಗೆರೆಗಳನ್ನು ಅಳೆಯುವುದರಲ್ಲಿ ಅವನ ಕಣ್ಣು ಚುರುಕು. ಆದರೆ ಪಟ ತೆಗೆದ ಹೊತ್ತನ್ನು ಅವನು ನೋಡುತ್ತಲೇ ಇರಲಿಲ್ಲ. ನಕ್ಷತ್ರ ಮಂಕಾಗಿರುವಾಗ ತೆಗೆದ ಪಟದ ಅಂಕಿಯೇ ನಿಜವಾದ ಅಂಕಿ. ಬೆಳಕು ಏರುತ್ತಿರುವಾಗ ತೆಗೆದದ್ದಾದರೆ ನಕ್ಷತ್ರ ಕಾದಿರುತ್ತದೆ, ಗೆರೆಗಳು ಬದಲಾಗಿರುತ್ತವೆ, ಅಂತರ ಕುಗ್ಗಿ ಲೋಹ ಹೆಚ್ಚಿರುವಂತೆ ಕಾಣುತ್ತದೆ. ಅದನ್ನು ಕೋಷ್ಟಕ ನೋಡಿ ಸರಿಪಡಿಸಬೇಕು. ನಿಬಾಲ್ದೊ ಕಂಡದ್ದನ್ನು ಕಂಡ ಹಾಗೆ ಬರೆದುಬಿಡುತ್ತಿದ್ದ.

ಕೆಲಸ ಬಾರದವನು ಕೆಲಸದ ನೆಪದಲ್ಲಿ ಇಲ್ಲಿ ಯಾಕೆ ಕೂತಿದ್ದಾನೆ? ಎರ್ಸಿಲಿಯಾಗೆ ಕಂಡ ಉತ್ತರ ಒಂದೇ. ಇವನು ಅವರ ಕಡೆಯವನು. ಮಾತು ಕದ್ದು ಕೇಳಲು ಬಂದವನು.

ಜೂನ್ ತಿಂಗಳ ನಾಲ್ಕನೆಯ ಭಾನುವಾರ ಸಂಜೆ ಆಕೆ ಕೊಕಿಂಬೊದಲ್ಲಿರುವ ತಂಗಿಯ ಮನೆಗೆ ಚಹಾಕ್ಕೆ ಹೋದಳು. ಹಿಂದಿನ ದಿನವಷ್ಟೇ ವಿಶ್ವಕಪ್‌ನಲ್ಲಿ ಚಿಲಿ ಆಸ್ಟ್ರೇಲಿಯದ ಮೇಲೆ ಒಂದು ಗೋಲೂ ಹೊಡೆಯದೆ ಮನೆಯ ದಾರಿ ಹಿಡಿದಿತ್ತು. ತಂಗಿಯ ಗಂಡ ರೋಲಾಂಡೊ ಸೈನ್ಯದಲ್ಲಿ ಸಾರ್ಜೆಂಟು. ಪಕ್ಕದ ಕೋಣೆಯಲ್ಲಿ ರೇಡಿಯೊ ಮುಂದೆ ಕೂತು ಆಟಗಾರರ ತಾಯಂದಿರನ್ನೆಲ್ಲ ನೆನೆಸುತ್ತಿದ್ದ.

“ಏನಕ್ಕ, ಮುಖ ಹೀಗೆ ಬಾಡಿದೆ?” ಎಂದಳು ತಂಗಿ ಒತಿಲಿಯಾ, ರೊಟ್ಟಿಗೆ ಬೆಣ್ಣೆಹಣ್ಣು ಸವರುತ್ತ. “ಕಚೇರೀಲಿ ಯಾರಾದ್ರೂ ಏನಾದ್ರೂ ಅಂದ್ರಾ?”

“ಹೊಸಬ ಒಬ್ಬ ಬಂದಿದಾನೆ ಕಣೇ. ಅವನು ತಾನು ಯಾರು ಅಂತ ಹೇಳ್ಕೊಂಡಿದಾನೋ ಅವನಲ್ಲ. ಕೆಲಸಾನೇ ಬರಲ್ಲ ಅವನಿಗೆ. ಹೆಸರು ಕೂಗಿದ್ರೂ ತಿರುಗಲ್ಲ.”

“ಅಯ್ಯೋ, ಮತ್ತೆ ಯಾರಂತೆ?”

“ಯಾರಿಗೆ ಗೊತ್ತು,” ಎಂದು ಎರ್ಸಿಲಿಯಾ ಅಲ್ಲಿಗೇ ನಿಲ್ಲಿಸಿದಳು. ಸೈನಿಕನ ಮನೆಯಲ್ಲಿ ಕೂತು ನಿಮ್ಮವನೇ ಇರಬೇಕು ಎನ್ನಲು ಸಾಧ್ಯವೇ? ಪಕ್ಕದ ಕೋಣೆಯ ರೇಡಿಯೊ ಸದ್ದು ಸ್ವಲ್ಪ ಇಳಿದದ್ದು ಆಕೆಯ ಗಮನಕ್ಕೆ ಬರಲಿಲ್ಲ.

ಮಂಗಳವಾರ ಆಕೆ ಬಲೆಯೊಂದನ್ನು ಒಡ್ಡಿದಳು. ಇಲ್ಲದ ಹೆಸರಿನ ಸಹಿ ಹಾಕಿ ಒಂದು ಚೀಟಿ ಬರೆದಳು: “ಎಲಾದಿಯೊ ವಿಚಾರ. ಗುರುವಾರ ಐದು ಗಂಟೆಗೆ, ಸಾನ್ ಫ್ರಾನ್ಸಿಸ್ಕೊ ಇಗರ್ಜಿಯ ಹಿಂಬದಿ.” ಅದನ್ನು ತಾನೂ ನಿಬಾಲ್ದೊನೂ ದಿನಾ ಅಂಕಿ ತುಂಬುವ ದಾಖಲೆ ಪುಸ್ತಕದೊಳಗೆ ಮರೆತವಳಂತೆ ಇಟ್ಟಳು. ಗುರುವಾರ ಆ ಇಗರ್ಜಿಯ ಹತ್ತಿರ ಜೀಪು ನಿಂತರೆ ಸಂಶಯಕ್ಕೆ ಜಾಗವೇ ಇರುವುದಿಲ್ಲ.

ಗುರುವಾರದ ತನಕ ಕಾಯಬೇಕಾಗಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ನಿಬಾಲ್ದೊ ಆಕೆಯ ಮೇಜಿನ ಬಳಿ ಬಂದು ನಿಂತ.  ಅವನ ಕೈಯಲ್ಲಿ ಆ ಚೀಟಿ ನಾಲ್ಕು ಚೂರಾಗಿತ್ತು.

“ಬುದ್ಧಿ ಇದೆಯಾ ನಿಮಗೆ?” ಎಂದ, ಪಿಸುದನಿಯಲ್ಲಿ. “ಇಂಥದ್ದನ್ನ ಇಲ್ಲಿ ಇಡ್ತಾರಾ? ಇದು ಬೇರೆ ಯಾರ ಕೈಗಾದ್ರೂ ಸಿಕ್ಕಿದ್ರೆ? ಹೋಗಿ, ಒಲೆಗೆ ಹಾಕಿ. ನಾನು ನೋಡಿಲ್ಲ.”

ಎರ್ಸಿಲಿಯಾ ಆ ಚೂರುಗಳನ್ನೇ ನೋಡಿದಳು. ಅವರ ಕಡೆಯವನು ಹೀಗೆ ಮಾಡುತ್ತಾನೆಯೇ?

“ಯಾರು ನೀವು?”

ಅವನು ಬಾಗಿಲ ಕಡೆ ನೋಡಿದ. “ಲೋತಾದಲ್ಲಿ ಮೇಷ್ಟ್ರಾಗಿದ್ದೆ. ರಸಾಯನಶಾಸ್ತ್ರ. ನಿಬಾಲ್ದೊ ನನ್ನ ಚಿಕ್ಕಪ್ಪನ ಮಗ. ಅವನು ದೇಶ ಬಿಟ್ಟು ಹೋದ, ಕಾಗದಪತ್ರ ನನಗೆ ಕೊಟ್ಟು. ಗಣಿ ಕೆಲಸಗಾರರಿಗೆ ಸಂಜೆ ಪಾಠ ಹೇಳ್ತಿದ್ದೆ, ಅದೇ ನನ್ನ ಅಪರಾಧ. ಹೆಂಡತಿ ಪಾಸ್‌ಪೋರ್ಟು ಬರೋಕೆ ಇನ್ನು ಹದಿನೈದು ದಿನ ಇದೆ. ಆಮೇಲೆ ನಾನಿಲ್ಲಿ ಇರಲ್ಲ,” ಎಂದ.

“ನಾನು ನಿಮ್ಮನ್ನ ಅವರ ಕಡೆಯವರು ಅಂದ್ಕೊಂಡಿದ್ದೆ.”

“ನಾನು ನಿಮ್ಮನ್ನೇ ಅಂದ್ಕೊಂಡಿದ್ದೆ! ದಿನಾ ಸಂಜೆ ನನ್ನ ಪಟ ನೋಡೋದು, ಕಂದು ಪುಸ್ತಕದಲ್ಲಿ ಬರ್ಕೊಳ್ಳೋದು... ಇವತ್ತು ಈ ಚೀಟಿ ನೋಡಿದ ಮೇಲೇನೇ ನನಗೆ ಉಸಿರು ಬಂದಿದ್ದು.”

ಎರ್ಸಿಲಿಯಾಗೆ ಉಸಿರು ನಿಂತದ್ದೇ ಆಗ. ಭಾನುವಾರದ ಮಾತು ನೆನಪಾಯಿತು. ತಲೆನೋವೆಂದು ಹೇಳಿ ಸಂಜೆ ಬೇಗ ಹೊರಟು ಕೊಕಿಂಬೊದ ಬಸ್ಸು ಹತ್ತಿದಳು. ಒತಿಲಿಯಾ ಬಾಗಿಲು ತೆಗೆದವಳೇ ಅಕ್ಕನ ಕಣ್ಣು ತಪ್ಪಿಸಿದಳು.

“ಅವರು ಕೇಳಿಸ್ಕೊಂಡಿದ್ರಂತೆ ಅಕ್ಕ. ನಿನ್ನೆ ಕ್ಯಾಪ್ಟನ್ನಿಗೆ ಹೇಳಿದಾರೆ. ನಾನು ಬೇಡ ಅಂದೆ. ನನ್ನ ಮಾತು ಈ ಮನೇಲಿ ಯಾರು ಕೇಳ್ತಾರೆ? ಈ ವಾರದಲ್ಲೇ ವಿಚಾರಣೆಗೆ ಬರ್ತಾರಂತೆ.”

ಬುಧವಾರ ಬೆಳಿಗ್ಗೆ ಎರ್ಸಿಲಿಯಾ ನಿಬಾಲ್ದೊ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದಳು. ಬಾಯಿಂದ ಒಂದು ಬೈಗುಳವಾದರೂ ಬಂದೀತು ಎಂದುಕೊಂಡಿದ್ದಳು. ಬರಲಿಲ್ಲ. ಅವನು ಬೆರಳುಗಳನ್ನು ಒಂದೊಂದಾಗಿ ಮಡಚಿ ಏನೋ ಎಣಿಸಿದ.

“ಓಡಿ ಹೋಗಿ,” ಎಂದಳು.

“ಓಡಿದ್ರೆ ಒಪ್ಕೊಂಡ ಹಾಗೆ. ಚಿಕ್ಕಪ್ಪನ ಮನೆಗೆ ಹೋಗ್ತಾರೆ, ಹೆಂಡತಿ ಹತ್ರ ಹೋಗ್ತಾರೆ. ಇರ್ತೀನಿ. ಕೆಲಸ ಕಲಿಸಿಕೊಡಿ.”

“ಒಂದು ದಿನದಲ್ಲಾ?”

“ರಸಾಯನಶಾಸ್ತ್ರದವನು ಸೆನ್ಯೋರಾ, ಪೂರ್ತಿ ದಡ್ಡ ಅಲ್ಲ.”

ಅವತ್ತಿಡೀ ಆಕೆ ಅವನಿಗೆ ಪಾಠ ಹೇಳಿದಳು. ಲಕೋಟೆಯ ಮೇಲಿನ ಹೊತ್ತು ನೋಡಿ, ನಕ್ಷತ್ರದ ಮಿಡಿತದ ಅವಧಿಯಿಂದ ಭಾಗಿಸಿ, ಏರುಬೆಳಕೋ ಇಳಿಬೆಳಕೋ ತಿಳಿದುಕೊಳ್ಳಿ, ಆಮೇಲೆ ಕೋಷ್ಟಕ. ಅವನು ಹ್ಞೂಂಗುಟ್ಟುತ್ತಿದ್ದ. ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆ ಹೋಗುತ್ತಿತ್ತು. ಕಚೇರಿ ಮುಚ್ಚುವ ಮೊದಲು ಆಕೆ ಒಂದು ಪಟ ಕೊಟ್ಟು ನೋಡಿದರೆ ಮತ್ತೆ ಅದೇ ತಪ್ಪು. ಎಂಟು ಬರಬೇಕಾದಲ್ಲಿ ನಾಲ್ಕು. ಎರ್ಸಿಲಿಯಾ ಕಣ್ಣು ಮುಚ್ಚಿಕೊಂಡಳು.

ಗುರುವಾರ ಹತ್ತು ಗಂಟೆಗೆ ಜೀಪು ಬಂತು. ಕ್ಯಾಪ್ಟನ್ ತೆಳ್ಳಗಿನ ಮನುಷ್ಯ, ಚೊಕ್ಕವಾಗಿ ಕತ್ತರಿಸಿದ ಉಗುರು, ಮೆತ್ತಗಿನ ಮಾತು. ಸುನಿಲ್ದಾ ತಂದ ಚಹಾವನ್ನು ಎದ್ದು ನಿಂತು ಕೈಗೆ ತೆಗೆದುಕೊಂಡ. ಕಚೇರಿಯ ಮುಖ್ಯಸ್ಥ ಡಾನ್ ಲಿಯೋನ್ಸಿಯೊ ಅರವತ್ತು ದಾಟಿದ ಹಳೆಯ ಖಗೋಳಜ್ಞ. ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ನಿಂತಿದ್ದ.

“ನಕ್ಷತ್ರದ ಗಂಧಗಾಳಿ ನನಗಿಲ್ಲ,” ಎಂದ ಕ್ಯಾಪ್ಟನ್. “ಆದ್ರೆ ಒಂದೇ ಕೆಲಸ ಬಲ್ಲ ಇಬ್ಬರು ಒಂದೇ ಪಟ ನೋಡಿದ್ರೆ ಒಂದೇ ಉತ್ತರ ಬರಬೇಕು, ಅಲ್ವಾ ಡಾನ್ ಲಿಯೋನ್ಸಿಯೊ?”

“ಒಂದು ಅಂಕಿ ಆಚೀಚೆ ಆಗೋದುಂಟು.”

“ಒಂದು ಅಂಕಿ ಬಿಟ್ಟುಕೊಟ್ಟೆ. ನೀವೇ ಒಂದು ಪಟ ತೆಗೀರಿ. ಮೊದಲು ಈ ಮಹಾಶಯರು ನಿಮ್ಮ ಕೋಣೆಯಲ್ಲಿ ನೋಡ್ಲಿ. ಆಮೇಲೆ ಸೆನ್ಯೋರಾ ಇಲ್ಲಿ ನೋಡ್ಲಿ. ಮಾತಿಲ್ಲ, ಸನ್ನೆಯಿಲ್ಲ. ಬರೆದು ಮಡಚಿ ನನ್ನ ಕೈಗೆ ಕೊಡಿ.”

ನಿಬಾಲ್ದೊ ಒಳಗೆ ಹೋದ. ಅರ್ಧ ಗಂಟೆ ಕಳೆಯಿತು. ಹೊರಬಂದವನ ಮುಖ ನೋಡಿ ಎರ್ಸಿಲಿಯಾಗೆ ಏನೂ ತಿಳಿಯಲಿಲ್ಲ. ಪಟ ಆಕೆಯ ಭೂತಗನ್ನಡಿಯ ಕೆಳಗೆ ಬಂತು. ಲಕೋಟೆಯ ಮೇಲಿನ ಹೊತ್ತನ್ನು ನೋಡಿ ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.  ಏರುಬೆಳಕಿನ ಪಟ. ಹುಡುಕಿ ಹುಡುಕಿ ಡಾನ್ ಲಿಯೋನ್ಸಿಯೊ ಇದನ್ನೇ ತೆಗೆದಿದ್ದ. ಬೇಕೆಂದೇ ತೆಗೆದನೋ, ಕೈಗೆ ಸಿಕ್ಕಿದ್ದನ್ನು ತೆಗೆದನೋ. ಈ ಮುದುಕ ಯಾರ ಕಡೆ? ಹನ್ನೊಂದು ವರ್ಷ ಜೊತೆಗಿದ್ದೂ ಆಕೆಗೆ ಹೇಳಲಾಗಲಿಲ್ಲ.

ಗೆರೆಗಳಲ್ಲಿ ಕಾಣುತ್ತಿದ್ದದ್ದು ಐದು. ಸರಿಪಡಿಸಿದರೆ ಒಂಬತ್ತು. ನಿಜವಾದ ಅಂಕಿ ಒಂಬತ್ತು. ನಿಬಾಲ್ದೊ ಬರೆದಿರುವುದು ಐದು. ಮೂರು ವಾರದ ತಪ್ಪುಗಳನ್ನು ಒಂದೊಂದಾಗಿ ಬರೆದಿಟ್ಟವಳಿಗೆ ಅದರಲ್ಲಿ ಅನುಮಾನವಿರಲಿಲ್ಲ. ನಿನ್ನೆ ಸಂಜೆಯೂ ಅದನ್ನೇ ಮಾಡಿದವನು. ನಡುವೆ ಏಳು ಎಂದು ಬರೆದರೆ? ಎರಡು ಅಂಕಿಯ ಅಂತರ, ಯಾವ ಕಡೆಗೂ ಸಲ್ಲುವುದಿಲ್ಲ.

ಕ್ಯಾಪ್ಟನ್ ಕಿಟಕಿಯ ಹತ್ತಿರ ನಿಂತು ಗಡಿಯಾರ ನೋಡಿಕೊಂಡ.

ಎರ್ಸಿಲಿಯಾ ಈ ಹನ್ನೊಂದು ವರ್ಷದಲ್ಲಿ ಗೊತ್ತಿದ್ದೂ ಒಂದು ತಪ್ಪು ಅಂಕಿ ಬರೆದವಳಲ್ಲ.  ಐದು ಎಂದು ಬರೆದು, ಮಡಚಿ ಕೊಟ್ಟಳು.

ಕ್ಯಾಪ್ಟನ್ ಎರಡೂ ಚೀಟಿ ಬಿಡಿಸಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ.

“ಸೆನ್ಯೋರಾ ಅವರದ್ದು ಐದು. ಈ ಮಹಾಶಯರದ್ದು ಒಂಬತ್ತು.”

 ನಿಬಾಲ್ದೊ ಎರ್ಸಿಲಿಯಾಳನ್ನು ನೋಡಿದ ನೋಟದಲ್ಲಿ ಇದ್ದದ್ದು ಭಯ ಮಾತ್ರವಲ್ಲ. ಕೊನೆಗೂ ನೀವು ಅವರ ಕಡೆಯವರೇ, ಅಲ್ಲವೇ ಎಂದು ಕೇಳುವಂತಿತ್ತು. ಬಾಗಿಲಲ್ಲಿದ್ದ ಸೈನಿಕ ಬಂದೂಕಿನ ಪಟ್ಟಿ ಸರಿಮಾಡಿಕೊಂಡ.

“ನನ್ನದೇ ತಪ್ಪು,” ಎಂದಳು ಎರ್ಸಿಲಿಯಾ.

“ಅಷ್ಟು ಬೇಗ ತೀರ್ಮಾನ ಮಾಡಿಬಿಟ್ರಾ?”

“ಪಟ ತೆಗೆದ ಹೊತ್ತು ನೋಡಲಿಲ್ಲ. ಏರುಬೆಳಕಿನದ್ದು. ಕಲಿಯೋರು ಮಾಡೋ ತಪ್ಪು. ಅವರು ಬರೆದದ್ದೇ ಸರಿ.”

ಡಾನ್ ಲಿಯೋನ್ಸಿಯೊ ಕಪಾಟಿನಿಂದ ಅಚ್ಚಾದ ದಪ್ಪ ಪಟ್ಟಿಯೊಂದನ್ನು ತೆಗೆದು, ಪುಟ ಹುಡುಕಿ, ಬೆರಳಿಟ್ಟು ಕ್ಯಾಪ್ಟನ್ ಮುಂದೆ ಹಿಡಿದ. ಅದರಲ್ಲಿ ಒಂಬತ್ತು ಎಂದಿತ್ತು.

ಕ್ಯಾಪ್ಟನ್ ನಿಧಾನವಾಗಿ ಎರ್ಸಿಲಿಯಾ ಕಡೆ ತಿರುಗಿದ. “ಇವರಿಗೆ ಕೆಲಸ ಬರಲ್ಲ ಅಂತ ತಂಗಿ ಮನೇಲಿ ಹೇಳಿದ್ದು ನೀವೇ ಅಲ್ವಾ?”

ಸುನಿಲ್ದಾ ಕೈಯಲ್ಲಿದ್ದ ತಟ್ಟೆ ಸದ್ದು ಮಾಡಿತು. ಎಲ್ಲರಿಗೂ ಕೇಳಿಸಿತು ಆ ಮಾತು.

“ಹೌದು,” ಎಂದಳು ಎರ್ಸಿಲಿಯಾ. ಮುಂದಿನ ಮಾತು ತಾನಾಗಿಯೇ ಬಂತು. “ಹೊಟ್ಟೆಕಿಚ್ಚು ಕ್ಯಾಪ್ಟನ್. ನನ್ನ ಕಣ್ಣು ಮೊದಲಿನ ಹಾಗಿಲ್ಲ. ಇವರು ಬಂದು ನನ್ನ ಜಾಗ ಕಿತ್ಕೋತಾರೆ ಅನ್ನಿಸ್ತು.”

ಕ್ಯಾಪ್ಟನ್ ನಕ್ಕ. “ಕಚೇರಿ ಜಗಳಕ್ಕೆ ನನ್ನ ಜೀಪಿನ ಪೆಟ್ರೋಲು! ಸೆನ್ಯೋರಾ, ಕನ್ನಡಕ ಬದಲಾಯಿಸಿ.” ಟೋಪಿ ಎತ್ತಿಕೊಂಡು ಹೊರಟ. ಜೀಪಿನ ಸದ್ದು ದೂರವಾಗುವ ತನಕ ಯಾರೂ ಕೂರಲಿಲ್ಲ.

ಊಟದ ಹೊತ್ತಿಗೆ ಹಿತ್ತಲಿನ ಪಪ್ಪಾಯಿ ಮರದ ಹತ್ತಿರ ನಿಬಾಲ್ದೊ ಸಿಕ್ಕ.

“ಯಾವಾಗ ಕಲಿತ್ರಿ?” ಎಂದಳು ಎರ್ಸಿಲಿಯಾ.

“ಕೋಷ್ಟಕ ನಕಲು ಮಾಡ್ಕೊಂಡು ಹೋಗಿದ್ದೆ. ನಿದ್ದೆ ಹೇಗೂ ಬರ್ಲಿಲ್ಲ. ನಿಮ್ಮ ಹಾಗೇ ಬರೀಬೇಕು, ಇಲ್ಲಾಂದ್ರೆ ಸತ್ತೆ ಅಂತ ಕೂತು ಕಲಿತೆ.”

“ನಾನು ನಿಮ್ಮ ಹಾಗೆ ಬರೆದೆ.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಮರಕ್ಕೆ ಒರಗಿ ಮುಖ ಮುಚ್ಚಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ, ಭುಜ ಮಾತ್ರ ಅಲುಗುತ್ತಿತ್ತು. ತನ್ನ ನಿಜವಾದ ಹೆಸರು ಹೇಳಲು ಬಾಯಿ ತೆರೆದ. ಎರ್ಸಿಲಿಯಾ ಕೈ ಅಡ್ಡ ಹಿಡಿದಳು. “ಬೇಡ. ಗೊತ್ತಿಲ್ಲದಿದ್ರೇ ಒಳ್ಳೇದು. ನನ್ನ ಬಾಯಿ ನೋಡಿದ್ರಲ್ಲ.”

ಹನ್ನೆರಡು ದಿನಗಳ ಮೇಲೆ ಅವನು ರಜೆ ಚೀಟಿ ಬರೆದಿಟ್ಟು ಹೆಂಡತಿಯೊಡನೆ ಉತ್ತರದ ಬಸ್ಸು ಹತ್ತಿದ. ಪೆರುವಿನ ತಾಕ್ನಾದಿಂದ ಕಚೇರಿಗೆ ಒಂದು ಅಂಚೆ ಕಾರ್ಡು ಬಂತು. ಮೇಲೆ ಸಮುದ್ರದ ಚಿತ್ರ, ಹಿಂದೆ ವಿಳಾಸ ಮಾತ್ರ. ಅವನು ತಲುಪಿದ್ದಾನೆ ಎಂದು ಎರ್ಸಿಲಿಯಾಗೆ ತಿಳಿಯಿತು.

ಆದರೆ ಕಚೇರಿಯಲ್ಲಿ ಆಕೆಯ ದಿನಗಳು ಬೇರೆಯಾದವು. ಸಾರ್ಜೆಂಟನ ಮನೆಯಲ್ಲಿ ಕೂತು ಜೊತೆ ಕೆಲಸದವನ ಹೆಸರು ಹೇಳಿದ ಹೆಂಗಸು! ಹಾಗಾದರೆ ಎಲಾದಿಯೊನ ಹೆಸರು ಹೇಳಿದವರು ಯಾರು ಎನ್ನುವುದಕ್ಕೆ ಎಲ್ಲರಿಗೂ ಉತ್ತರ ಸಿಕ್ಕಂತಾಯಿತು. ಸುನಿಲ್ದಾ ಚಹಾದ ತಟ್ಟೆ ಹಿಡಿದು ಆಕೆಯ ಮೇಜನ್ನು ದಾಟಿ ಹೋಗತೊಡಗಿದಳು. ಆಕೆ ಒಳಗೆ ಬಂದರೆ ಮಾತು ಥಟ್ಟನೆ ಹವಾಮಾನಕ್ಕೆ ತಿರುಗುತ್ತಿತ್ತು. ಬೀದಿಯಲ್ಲಿ ಎಲಾದಿಯೊನ ಹೆಂಡತಿ ಎದುರಾದವಳು ರಸ್ತೆ ದಾಟಿ ಆಚೆ ಬದಿಗೆ ಹೋದಳು. ಅದೊಂದನ್ನು ಮಾತ್ರ ಎರ್ಸಿಲಿಯಾಗೆ ತಡೆದುಕೊಳ್ಳಲಾಗಲಿಲ್ಲ. ಅವತ್ತು ಮನೆಗೆ ಹೋಗಿ ಕೈ ತೊಳೆಯುವ ಬೋಗುಣಿಯ ಮುಂದೆ ನಿಂತು ಅತ್ತಳು. ನಿಜ ಹೇಳುವ ಹಾಗಿರಲಿಲ್ಲ. ಹೇಳಿದರೆ ನಿಬಾಲ್ದೊನ ಚಿಕ್ಕಪ್ಪನ ಮನೆಯವರಿಗೆ ತೊಂದರೆ. ಹೇಳಿದರೂ ನಂಬುವವರು ಯಾರು? ತಂಗಿಯ ಮನೆಗೆ ಹೋಗುವುದನ್ನು ಬಿಟ್ಟಳು.

ಡಾನ್ ಲಿಯೋನ್ಸಿಯೊ ಆಕೆಯ ಹಳೆಯ ಪಟಗಳನ್ನೆಲ್ಲ ಹೊರತೆಗೆಸಿ ಮತ್ತೆ ಪರೀಕ್ಷೆಗೆ ಕೂತ. ದರ್ಜೆಗಳಲ್ಲಿ ಹುಳುಕಿದ್ದರೆ ಅಚ್ಚಾದ ಪಟ್ಟಿಗಳೆಲ್ಲ ಕೆಡುತ್ತವೆ ಎಂದು ಎಲ್ಲರ ಎದುರು ಹೇಳಿಯೇ ಶುರುಮಾಡಿದ. ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳೂ ಎರ್ಸಿಲಿಯಾಗೆ ಪಕ್ಕದ ಕೋಣೆಯಲ್ಲಿ ಗಾಜು ಗಾಜಿಗೆ ತಾಗುವ ಸದ್ದು ಕೇಳುತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ, ಮಿಕ್ಕವರೆಲ್ಲ ಕಡಲದಂಡೆಗೆ ಹೋಗಿದ್ದ ಹೊತ್ತಿನಲ್ಲಿ, ಅವನು ತಾನೇ ಎರಡು ಬಟ್ಟಲು ಚಹಾ ಹಿಡಿದುಕೊಂಡು ಬಂದು ಆಕೆಯ ಎದುರು ಕೂತ.

“ಮೂರು ಸಾವಿರದ ಇನ್ನೂರು ಪಟ, ಸೆನ್ಯೋರಾ ಎರ್ಸಿಲಿಯಾ. ಅದರಲ್ಲಿ ಎಂಟುನೂರು ಏರುಬೆಳಕಿನವು. ಒಂದರಲ್ಲೂ ನೀವು ಹೊತ್ತು ನೋಡೋದು ಮರೆತಿಲ್ಲ.”

ಎರ್ಸಿಲಿಯಾ ಬಟ್ಟಲನ್ನೇ ನೋಡುತ್ತಿದ್ದಳು. ಈ ಮುದುಕನಿಗೆ ಏನು ಬೇಕು? ಬಾಯಿ ಬಿಡಿಸಲು ಬಂದನೇ?

“ಅವತ್ತು ಕೋಣೆಯಲ್ಲಿ ಬೆಳಕು ಸರಿಯಿರಲಿಲ್ಲ,” ಎಂದಳು.

ಡಾನ್ ಲಿಯೋನ್ಸಿಯೊ ತನ್ನ ಚಹಾ ಮುಗಿಸಿ ಬಟ್ಟಲನ್ನು ಕೆಳಗಿಟ್ಟ. “ಹೌದು. ಸರಿಯಿರಲಿಲ್ಲ,” ಎಂದ. “ಎಂಟುನೂರರಲ್ಲಿ ಒಂದೂ ತಪ್ಪಿಲ್ಲ ಅಂತ ಎಲ್ಲರ ಮುಂದೆ ಹೇಳೋ ಹಾಗಿಲ್ಲ. ನಿಮಗೆ ಹೇಳ್ದೆ.”

ಅವನು ಎದ್ದು ಹೋದ ಮೇಲೆ ಎರ್ಸಿಲಿಯಾ ಚಹಾವನ್ನು ಒಂದು ಗುಟುಕೂ ಬಿಡದೆ ಕುಡಿದಳು. ಸಂಜೆ ನಾಲ್ಕಕ್ಕೆ ಸುನಿಲ್ದಾ ಮರಳಿ ಬಂದು ಮೇಜಿನ ಮೇಲಿದ್ದ ಎರಡು ಖಾಲಿ ಬಟ್ಟಲುಗಳನ್ನು ಕಂಡು ಹುಬ್ಬು ಗಂಟಿಕ್ಕಿದಳು.  ಎರ್ಸಿಲಿಯಾ ಮುಂದಿನ ಪಟವನ್ನು ಲಕೋಟೆಯಿಂದ ತೆಗೆದು ಬೆಳಕಿಗೆ ಹಿಡಿದಳು.